ಬೆರಳ ಬುಡದ ನರದ ನೋವು ಮತ್ತು ಸ್ಕ್ಯಾನ್ ನೋಡಿಕೊಂಡು ಹಾಕುವ ಇಂಜೆಕ್ಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕ್ಯಾನ್ ರೂಮಿನಲ್ಲಿ ಕೇಳಿದವು, ಫೋನಿನಲ್ಲಿ ಕೇಳಿದವು, ಪತ್ರ ಬರೆದು ಕೇಳಿದವು, ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಇಲ್ಲಿ ಸ್ಕ್ಯಾನ್ ಎಂದರೆ ಅಲ್ಟ್ರಾಸೌಂಡ್. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಎಲ್ಲ ಓದಬೇಕಾಗಿಲ್ಲ, ನಿಮ್ಮ ಪ್ರಶ್ನೆ ಹುಡುಕಿ ಓದಿದರೂ ಸಾಕು. ನಿಮ್ಮ ಪಾದವನ್ನು ಮುಟ್ಟಿ ನೋಡಿದ ಡಾಕ್ಟರ್ ಬೇರೆ ಏನಾದರೂ ಹೇಳಿದ್ದರೆ ಅವರ ಮಾತನ್ನೇ ಕೇಳಿ.

## ಮೊದಲು ನೋವಿನ ಬಗ್ಗೆ

ನಡೆಯುವಾಗ ಬೆರಳ ಬುಡದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತೆ. ಶೂ ಬಿಚ್ಚಿ ನೋಡಿದರೆ ಏನೂ ಇರಲ್ಲ. ಇದೇನು?

ಬೆರಳುಗಳಿಗೆ ಹೋಗುವ ನರವೊಂದು ದಪ್ಪಗಾಗಿ, ಹೆಜ್ಜೆ ಹಾಕಿದಾಗಲೆಲ್ಲ ಒತ್ತಿಸಿಕೊಳ್ಳುತ್ತಿದ್ದರೆ ಹೀಗಾಗುತ್ತದೆ. ಇದಕ್ಕೆ ಮಾರ್ಟನ್ ನ್ಯೂರೋಮಾ ಎನ್ನುತ್ತಾರೆ. ಹೆಬ್ಬೆರಳಿನಿಂದ ಎಣಿಸಿದರೆ ಮೂರನೇ ಮತ್ತು ನಾಲ್ಕನೇ ಬೆರಳಿನ ನಡುವೆ ಬರುವುದೇ ಜಾಸ್ತಿ. ಅದು ಬಿಟ್ಟರೆ ಎರಡನೇ ಮತ್ತು ಮೂರನೇ ಬೆರಳಿನ ನಡುವೆ. ಕೆಲವರಿಗೆ ಉರಿ, ಕೆಲವರಿಗೆ ಬೆರಳ ತುದಿಯವರೆಗೂ ಚಳಕ್ ಎಂದು ಓಡುವ ನೋವು, ಇನ್ನು ಕೆಲವರಿಗೆ ಅಕ್ಕಪಕ್ಕದ ಎರಡು ಬೆರಳು ಎದುರುಬದುರಾಗುವ ಕಡೆ ಜೋಮು. ಶೂ ಬಿಚ್ಚಿ, ಪಾದ ತಿಕ್ಕಿಕೊಂಡು ಸ್ವಲ್ಪ ಹೊತ್ತು ಕೂತರೆ ಆರಾಮಾಗುತ್ತದೆ ಎಂದು ರೋಗಿ ಹೇಳಿದರೆ ನನ್ನ ಅನುಮಾನ ಮೊದಲು ಇದರ ಮೇಲೇ ಹೋಗುತ್ತದೆ.

ನ್ಯೂರೋಮಾ ಅಂದ್ರೆ ಗಡ್ಡೆ ಅಂತೆ. ಕ್ಯಾನ್ಸರ್ ಆಗಿಬಿಡುತ್ತಾ?

ಇಲ್ಲ. ಇದು ನಿಜವಾದ ಗಡ್ಡೆಯೇ ಅಲ್ಲ. ಪದೇ ಪದೇ ಒತ್ತಡ ಬಿದ್ದು ನರದ ಸುತ್ತ ನಾರಿನಂಥ ಪದರ ಬೆಳೆದಿರುತ್ತದೆ, ಅಷ್ಟೇ. ಅದು ಕ್ಯಾನ್ಸರ್ ಆಗುವುದಿಲ್ಲ, ಬೇರೆ ಕಡೆಗೆ ಹರಡುವುದಿಲ್ಲ. ರಿಪೋರ್ಟ್ ಕೈಗೆ ಬಂದ ರಾತ್ರಿ ನಿದ್ದೆ ಕೆಡಿಸಿಕೊಂಡವರನ್ನು ನೋಡಿದ್ದೇನೆ. ಆ ಭಯ ಬೇಡ.

ನನಗೇ ಯಾಕೆ ಬಂತು?

ಪಾದದ ಉದ್ದ ಮೂಳೆಗಳ ತಲೆಗಳನ್ನು, ಅಂದರೆ ಬೆರಳ ಕಡೆಯ ತುದಿಗಳನ್ನು, ಒಂದಕ್ಕೊಂದು ಕಟ್ಟಿ ಹಿಡಿಯುವ ಗಟ್ಟಿ ಪಟ್ಟಿಯೊಂದಿದೆ. ನರ ಅದರ ಅಡಿಯಲ್ಲಿ ಹಾದು ಬೆರಳಿಗೆ ಹೋಗುತ್ತದೆ. ಹಿಮ್ಮಡಿ ಎತ್ತಿ ಬೆರಳು ಮೇಲಕ್ಕೆ ಬಾಗಿದಾಗ ನರ ಎಳೆದುಕೊಂಡು ಆ ಪಟ್ಟಿಗೆ ಒತ್ತುತ್ತದೆ. ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ದಿನವಿಡೀ ಇದೇ ಸ್ಥಿತಿ. ಮುಂಭಾಗ ಇಕ್ಕಟ್ಟಾದ ಶೂ ಮೂಳೆಗಳನ್ನು ಪಕ್ಕದಿಂದಲೂ ಹಿಂಡುತ್ತದೆ. ಹೆಂಗಸರಲ್ಲಿ ಇದು ಗಂಡಸರಿಗಿಂತ ಹಲವು ಪಟ್ಟು ಹೆಚ್ಚು, ಅದರಲ್ಲೂ ನಡುವಯಸ್ಸಿನಲ್ಲಿ. ಓಟಗಾರರಲ್ಲೂ ಇದೆ. ಬೆರಳ ಮೇಲೆ ಭಾರ ಹಾಕಿ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡುವವರಿಗೆ ಆ ಭಂಗಿಯಲ್ಲಿ ನೋವು ಕೆರಳುತ್ತದೆ, ಅಲ್ಲೂ ಬೆರಳು ಬಾಗಿಯೇ ಇರುತ್ತದಲ್ಲ. ಏನೂ ಕಾರಣ ಸಿಗದವರೂ ಇದ್ದಾರೆ.

ಕಾಲುಂಗುರ ಬಿಗಿಯಾಗಿದ್ದಕ್ಕೇ ಬಂತು ಅಂತಾರೆ ನಮ್ಮತ್ತೆ. ಹೌದಾ?

ಕಾಲುಂಗುರ ಇರುವುದು ಬೆರಳಿನ ಮೇಲೆ. ನರ ದಪ್ಪಗಾಗುವುದು ಅದಕ್ಕಿಂತ ಹಿಂದೆ, ಮೂಳೆ ತಲೆಗಳ ನಡುವೆ, ಅಂಗಾಲಿನ ಕಡೆಗೆ. ಹಾಗಾಗಿ ಕಾಲುಂಗುರವನ್ನು ಕಾರಣ ಎನ್ನಲಾಗದು. ಬಿಗಿಯಾದದ್ದು ಬೆರಳನ್ನೇ ಊದಿಸಬಹುದು, ಅದು ಬೇರೆ ವಿಷಯ. ಎರಡನೇ ಬೆರಳಿನ ಪಕ್ಕ ಸ್ಕ್ಯಾನ್ ಮಾಡಿ ಸೂಜಿ ಹಾಕುವ ದಿನ ಮಾತ್ರ ಅದನ್ನು ತೆಗೆದಿಟ್ಟು ಬಂದರೆ ಚರ್ಮ ಸ್ವಚ್ಛ ಮಾಡಲು ಸಲೀಸು. ತೆಗೆಯಲು ಮನಸ್ಸಿಲ್ಲದಿದ್ದರೆ ಮೊದಲೇ ಹೇಳಿ, ಏನಾದರೂ ದಾರಿ ಮಾಡಿಕೊಳ್ಳುತ್ತೇವೆ.

ನನಗೆ ಹನ್ನೆರಡು ವರ್ಷದಿಂದ ಶುಗರ್ ಇದೆ. ಅಂಗಾಲು ಉರಿ ಅದರಿಂದಲೇ ಅಲ್ವಾ?

ಇರಬಹುದು. ಇದನ್ನು ಬಿಡಿಸಿ ನೋಡುವುದು ನಮ್ಮಲ್ಲಿ ತುಂಬಾ ಮುಖ್ಯ. ಶುಗರ್‌ನಿಂದ ನರ ಹಾಳಾದಾಗ ಸಾಮಾನ್ಯವಾಗಿ ಎರಡೂ ಪಾದ ಒಟ್ಟಿಗೆ ಉರಿಯುತ್ತವೆ, ಎಲ್ಲ ಬೆರಳಿಗೂ ಜೋಮು ಇರುತ್ತದೆ, ರಾತ್ರಿ ಮಲಗಿದಾಗ ಜಾಸ್ತಿ. ಮಾರ್ಟನ್ ನ್ಯೂರೋಮಾದಲ್ಲಿ ಹೆಚ್ಚಾಗಿ ಒಂದೇ ಪಾದ, ಒಂದೇ ಬೆರಳ ಸಂದಿ. ಶೂ ಹಾಕಿ ನಡೆದಾಗ ನೋವು, ಬಿಚ್ಚಿದರೆ ಕಡಿಮೆ. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತಗೊಂಡವರಲ್ಲಿ, ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆಯಾಗಿಯೂ ಪಾದ ಉರಿಯುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುವ ವಿಷಯವಿದು. ಅದನ್ನು ನೋಡದೆ ಸೂಜಿ ಹಾಕಿಸಿಕೊಳ್ಳಬೇಡಿ. ಎರಡು ತೊಂದರೆ ಒಟ್ಟಿಗೇ ಇರಲೂಬಹುದು. ಆಗ ಇಂಜೆಕ್ಷನ್ ಒಂದನ್ನು ಕಡಿಮೆ ಮಾಡೀತು, ಇನ್ನೊಂದು ಹಾಗೇ ಉಳಿಯುತ್ತದೆ.

ಎಕ್ಸ್‌ರೇ ನಾರ್ಮಲ್ ಅಂದರು. ಹಾಗಾದ್ರೆ ನೋವು ಯಾಕೆ? ಎಂಆರ್‌ಐ ಮಾಡಿಸಲೇಬೇಕಾ?

ಎಕ್ಸ್‌ರೇಯಲ್ಲಿ ನರ ಕಾಣುವುದಿಲ್ಲ. ಆದರೂ ಅದು ದಂಡವಲ್ಲ. ಮೂಳೆಯ ಬಿರುಕು, ಕೀಲಿನ ಸವೆತ ಇಲ್ಲವೆಂದು ಅದರಿಂದ ಗೊತ್ತಾಗುತ್ತದೆ. ಬಿರುಕು ಹೊಸದಾಗಿದ್ದರೆ ಮೊದಲ ಎಕ್ಸ್‌ರೇಯಲ್ಲಿ ತಪ್ಪಿಸಿಕೊಳ್ಳಬಹುದು ಎನ್ನುವುದೂ ನೆನಪಿರಲಿ.

ನ್ಯೂರೋಮಾವನ್ನು ಪತ್ತೆ ಮಾಡಲು ಮೊದಲು ಬೇಕಾದ್ದು ಕೈ. ಪಾದವನ್ನು ಎರಡೂ ಪಕ್ಕದಿಂದ ಹಿಂಡಿ ಅಡಿಯಿಂದ ಆ ಸಂದಿಯನ್ನು ಒತ್ತಿದರೆ ಒಂದು ಕ್ಲಿಕ್ ಕೈಗೆ ಸಿಗುತ್ತದೆ, ಜೊತೆಗೆ ನಿಮ್ಮ ಅದೇ ನೋವು ಬರುತ್ತದೆ. 1951ರಲ್ಲಿ ಮುಲ್ಡರ್ ಎಂಬ ವೈದ್ಯ ವಿವರಿಸಿದ ಈ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಆಮೇಲೆ ಅಲ್ಟ್ರಾಸೌಂಡ್. ನುರಿತ ಕೈಯಲ್ಲಿ ಬಹಳಷ್ಟು ಜನರಿಗೆ ಇಷ್ಟೇ ಸಾಕಾಗುತ್ತದೆ. ಕಥೆ ಒಂದು, ಸ್ಕ್ಯಾನ್ ಇನ್ನೊಂದು ಹೇಳುತ್ತಿದ್ದರೆ ಅಥವಾ ಆಪರೇಷನ್ ಮಾತು ಬಂದರೆ ಎಂಆರ್‌ಐ.

ರಿಪೋರ್ಟ್‌ನಲ್ಲಿ ಎರಡು ಕಡೆ ನ್ಯೂರೋಮಾ ಅಂತ ಇದೆ, ನೋವು ಒಂದೇ ಕಡೆ. ಎರಡಕ್ಕೂ ಹಾಕಿಸಬೇಕಾ?

ಬೇಡ. ನೋವೇ ಇಲ್ಲದವರ ಪಾದವನ್ನು ಸ್ಕ್ಯಾನ್ ಮಾಡಿದರೂ ಸಾಕಷ್ಟು ಜನರಲ್ಲಿ ದಪ್ಪಗಾದ ನರ ಕಾಣುತ್ತದೆ. ಚಿತ್ರಕ್ಕೆ ಮದ್ದು ಕೊಡುವುದಲ್ಲ, ನೋವಿಗೆ ಕೊಡುವುದು. ಸೂಜಿ ಎಲ್ಲಿಗೆ ಹೋಗಬೇಕು ಎನ್ನುವುದನ್ನು ಚಿತ್ರ ತೋರಿಸುತ್ತದೆ. ನೋವು ಅಲ್ಲಿಂದಲೇ ಬರುತ್ತಿದೆಯಾ ಎನ್ನುವುದನ್ನು ನೀವು ಹೇಳುವ ಕಥೆ ಮತ್ತು ಡಾಕ್ಟರ ಬೆರಳು ತೀರ್ಮಾನಿಸಬೇಕು.

ಇದರಲ್ಲಿ ಎಡವಟ್ಟಾಗುವುದು ಹೊಸತೇನಲ್ಲ. ಈ ನೋವಿಗೆ ಯಾರ ಹೆಸರು ಬಂದಿದೆಯೋ ಆ ಥಾಮಸ್ ಮಾರ್ಟನ್ ಅಮೆರಿಕದ ಫಿಲಡೆಲ್ಫಿಯಾದ ಸರ್ಜನ್. 1876ರಲ್ಲಿ ಅವರು ಇದನ್ನು ನಾಲ್ಕನೇ ಬೆರಳ ಕೀಲಿನ ತೊಂದರೆ ಎಂದು ಬರೆದರು, ಆ ಕೀಲನ್ನೇ ತೆಗೆದುಹಾಕಲು ಸಲಹೆ ಕೊಟ್ಟರು. ಇಟಲಿಯ ಅಂಗರಚನಾ ತಜ್ಞ ಚಿವಿನೀನಿ ನರ ದಪ್ಪಗಾಗಿದ್ದನ್ನು 1835ರಲ್ಲೇ ನೋಡಿ ಬರೆದಿದ್ದರು.

## ಇಂಜೆಕ್ಷನ್‌ಗೆ ಒಪ್ಪುವ ಮುಂಚೆ

ಚಪ್ಪಲಿ ಬದಲಿಸಿದರೆ ಸಾಕು ಅಂತಾರೆ ಕೆಲವರು. ಸುಮ್ನೆ ಸಮಾಧಾನಕ್ಕೆ ಹೇಳ್ತಾರಾ?

ಸುಮ್ನೆ ಅಲ್ಲ. ನನ್ನ ಕೆಲಸ ಸೂಜಿ ಹಾಕುವುದೇ ಆದರೂ ಹೇಳುತ್ತೇನೆ, ಮೊದಲ ಚಿಕಿತ್ಸೆ ಚಪ್ಪಲಿಯೇ. ಕೆಲವು ವಾರ ಅದನ್ನು ಸರಿಯಾಗಿ ಮಾಡಿ ನೋಡಿದ ಮೇಲೆ ಇಂಜೆಕ್ಷನ್ ಮಾತು. ಎಷ್ಟೋ ಜನ ಅಲ್ಲಿಯವರೆಗೆ ಬರುವುದೇ ಇಲ್ಲ.

ಒಂದು ಹಾಳೆಯ ಮೇಲೆ ಬರಿಗಾಲಲ್ಲಿ ನಿಂತು, ಪಾದದ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಅದರ ಮೇಲೆ ನಿಮ್ಮ ಶೂ ಇಡಿ. ಗೆರೆ ಶೂವಿನ ಆಚೆ ಕಾಣುತ್ತಿದ್ದರೆ ಅಷ್ಟು ಭಾಗ ದಿನವಿಡೀ ಹಿಂಡಿಸಿಕೊಳ್ಳುತ್ತಿದೆ ಅಂತ ಅರ್ಥ. ಮುಂಭಾಗ ಅಗಲ ಇರುವ, ಹಿಮ್ಮಡಿ ತಗ್ಗಾದ, ಅಡಿ ದಪ್ಪಗಿದ್ದು ಬೆರಳ ಬುಡದಲ್ಲಿ ಸುಲಭವಾಗಿ ಮಡಚದ ಶೂ ಬೇಕು. ಸಂಜೆ ಹೊತ್ತು ಖರೀದಿಸಿ, ಆಗ ಪಾದ ಸ್ವಲ್ಪ ಊದಿರುತ್ತದೆ.

ಶೂ ಒಳಗೆ ಇಡುವ ಸಣ್ಣ ಮೆತ್ತೆ, ಮೆಟಟಾರ್ಸಲ್ ಪ್ಯಾಡ್ ಅಂತ ಸಿಗುತ್ತದೆ. ಹೆಚ್ಚಿನವರು ಅದನ್ನು ನೋಯುವ ಜಾಗದ ಕೆಳಗೇ ಇಟ್ಟುಕೊಳ್ಳುತ್ತಾರೆ. ಆಗ ನೋವು ಹೆಚ್ಚುತ್ತದೆ, ಪ್ಯಾಡ್ ಕಸದ ಬುಟ್ಟಿ ಸೇರುತ್ತದೆ. ಅದು ಇರಬೇಕಾದ್ದು ನೋವಿನ ಜಾಗಕ್ಕಿಂತ ಸ್ವಲ್ಪ ಹಿಂದೆ, ಹಿಮ್ಮಡಿಯ ಕಡೆಗೆ. ಅಲ್ಲಿಂದ ಅದು ಮೂಳೆಗಳನ್ನು ಎತ್ತಿ ಹಿಡಿದು ನರದ ಮೇಲಿನ ಒತ್ತಡ ತಗ್ಗಿಸುತ್ತದೆ.

ಮನೆಯೊಳಗೆ ಟೈಲ್ಸ್, ಗ್ರಾನೈಟ್ ಮೇಲೆ ಬರಿಗಾಲಲ್ಲಿ ಓಡಾಡುವುದು ನಮ್ಮ ರೂಢಿ. ನೋವು ಇರುವಷ್ಟು ದಿನವಾದರೂ ಒಳಗೆ ಹಾಕಲು ಬೇರೆ ಒಂದು ಜೊತೆ ಮೆತ್ತನೆ ಚಪ್ಪಲಿ ಇಟ್ಟುಕೊಳ್ಳಿ. ಸವೆದು ತೆಳ್ಳಗಾದ ಹವಾಯಿ ಚಪ್ಪಲಿ ಲೆಕ್ಕಕ್ಕಿಲ್ಲ.

ಆ ಸಿರಿಂಜಿನಲ್ಲಿ ಏನಿರುತ್ತೆ?

ಸಾಮಾನ್ಯವಾಗಿ ಎರಡು ಔಷಧ. ಒಂದು ಮರಗಟ್ಟಿಸುವ ಲಿಗ್ನೊಕೇನ್ ಅಥವಾ ಅಂಥದ್ದೇ ಇನ್ನೊಂದು. ಮತ್ತೊಂದು ಸ್ಟಿರಾಯ್ಡ್: ಮಿಥೈಲ್‌ಪ್ರೆಡ್ನಿಸೊಲೋನ್, ಟ್ರಯಾಮ್ಸಿನೊಲೋನ್ ಅಥವಾ ಡೆಕ್ಸಾಮೆಥಾಸೋನ್. ಎಲ್ಲ ಸೇರಿ ಒಂದೆರಡು ಎಂಎಲ್ ಇರುತ್ತದೆ. ಯಾವ ಔಷಧ, ಎಷ್ಟು ಮಿಲಿಗ್ರಾಂ, ಯಾವ ಸಂದಿಗೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಇದನ್ನು ಕೇಳುವುದು ನಿಮ್ಮ ಹಕ್ಕು. ಮುಂದೆ ಬೇರೆ ಊರಿನ ಡಾಕ್ಟರ್ ನೋಡಬೇಕಾಗಿ ಬಂದರೆ ಈ ಒಂದು ಸಾಲಿನಿಂದ ಎಷ್ಟು ಉಪಕಾರ ಎನ್ನುವುದು ಆಗ ತಿಳಿಯುತ್ತದೆ.

ಸ್ಟಿರಾಯ್ಡ್ ಅಂದ್ರೇನೇ ಭಯ. ಮುಖ ಊದಿಕೊಳ್ಳುತ್ತೆ, ಮೂಳೆ ಟೊಳ್ಳಾಗುತ್ತೆ ಅಂತಾರಲ್ಲ?

ಅದು ತಿಂಗಳುಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗಿದವರ ಕಥೆ. ಒಂದು ಜಾಗಕ್ಕೆ ಒಮ್ಮೆ ಹಾಕುವ ಸಣ್ಣ ಪ್ರಮಾಣದಿಂದ ಹಾಗಾಗುವುದಿಲ್ಲ. ಆದರೂ ಸ್ವಲ್ಪ ರಕ್ತಕ್ಕೆ ಸೇರುತ್ತದೆ. ಒಂದೆರಡು ದಿನ ಮುಖ ಕೆಂಪಾಗಿ ಬಿಸಿ ಅನಿಸಬಹುದು, ನಿದ್ದೆ ಸರಿ ಬರದಿರಬಹುದು. ಹೆಂಗಸರಲ್ಲಿ ಮುಟ್ಟು ಒಂದು ಸಲ ಏರುಪೇರಾಗಬಹುದು. ನನಗೆ ಹೆಚ್ಚು ಎಚ್ಚರಿಕೆ ಇರುವುದು ಅದೇ ಜಾಗದಲ್ಲಿ ಆಗುವ ತೊಂದರೆಗಳ ಬಗ್ಗೆ. ಅಂಗಾಲಿನ ಕೊಬ್ಬಿನ ಮೆತ್ತೆ ತೆಳ್ಳಗಾಗಬಹುದು. ಔಷಧ ಪಕ್ಕದ ಕೀಲಿಗೆ ಹೋದರೆ ಅದನ್ನು ಕೆಳಗಿನಿಂದ ಹಿಡಿದಿರುವ ಗಟ್ಟಿ ಪದರ ಸಡಿಲವಾಗಿ ಬೆರಳು ವಾಲಬಹುದು. ಇವು ಅಪರೂಪ. ಆದರೆ ಪದೇ ಪದೇ ಹಾಕಿಸಿದಷ್ಟೂ ಅಪಾಯ ಏರುತ್ತದೆ.

ನಮ್ಮ ಮೂಳೆ ಡಾಕ್ಟರ್ ಕೈಯಲ್ಲಿ ಮುಟ್ಟಿ ನೋಡಿಯೇ ಇಂಜೆಕ್ಷನ್ ಹಾಕ್ತಾರೆ. ಸ್ಕ್ಯಾನ್ ನೋಡಿಕೊಂಡು ಹಾಕಿದರೆ ನಿಜವಾಗ್ಲೂ ಹೆಚ್ಚು ಉಪಯೋಗನಾ?

ನೇರವಾಗಿ ಹೇಳುತ್ತೇನೆ. ಸ್ಕ್ಯಾನ್ ನೋಡಿಕೊಂಡು ಹಾಕಿದಾಗ ಸೂಜಿಯ ತುದಿ ಎಲ್ಲಿದೆ, ಔಷಧ ಎಲ್ಲಿ ಹರಡುತ್ತಿದೆ ಎನ್ನುವುದು ಆ ಕ್ಷಣದಲ್ಲೇ ಕಾಣುತ್ತದೆ. ರಕ್ತನಾಳ ತಪ್ಪಿಸಬಹುದು, ಕೀಲಿನೊಳಗೆ ಹೋಗದಂತೆ ನೋಡಿಕೊಳ್ಳಬಹುದು. ನರದ ಪಕ್ಕದಲ್ಲಿ ದ್ರವ ತುಂಬಿದ ಸಣ್ಣ ಚೀಲ ಊದಿಕೊಂಡಿದ್ದರೆ ಅದೂ ಕಾಣುತ್ತದೆ. ಇಷ್ಟು ಲಾಭ ಖಚಿತ.

ಆದರೆ ವರ್ಷದ ಕೊನೆಗೆ ನೋವು ಎಷ್ಟು ಉಳಿದಿದೆ ಎಂದು ಅಳೆದರೆ ಉತ್ತರ ಅಷ್ಟು ಸ್ಪಷ್ಟವಿಲ್ಲ. 2016ರಲ್ಲಿ ಬ್ರಿಟನ್ನಿನಿಂದ ಬಂದ ಒಂದು ಅಧ್ಯಯನದಲ್ಲಿ ಕೆಲವರಿಗೆ ಸ್ಕ್ಯಾನ್ ನೋಡಿಕೊಂಡು, ಕೆಲವರಿಗೆ ಕೈ ಅಂದಾಜಿನಲ್ಲಿ ಹಾಕಿದರು. ಯಾರಿಗೆ ಯಾವುದು ಎನ್ನುವುದು ಚೀಟಿ ಎತ್ತಿದಂತೆ ನಿರ್ಧಾರವಾಗಿತ್ತು. 12 ತಿಂಗಳಿಗೆ ಎರಡೂ ಗುಂಪಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 2019ರ ಸ್ಪೇನಿನ ಅಧ್ಯಯನದಲ್ಲಿ ಮೊದಲ ಕೆಲವು ತಿಂಗಳು ಸ್ಕ್ಯಾನ್ ಗುಂಪಿಗೆ ಹೆಚ್ಚು ಆರಾಮ ಸಿಕ್ಕಿತು. ಎರಡೂ ಸಣ್ಣ ಅಧ್ಯಯನಗಳೇ.

ನನ್ನ ಅಭಿಪ್ರಾಯ ಇಷ್ಟು. ಸ್ಕ್ಯಾನ್ ಸೌಲಭ್ಯ ಹತ್ತಿರದಲ್ಲಿದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಪಾದದ ಅನುಭವ ಇರುವ ಮೂಳೆ ಡಾಕ್ಟರ್ ಕೈಯಲ್ಲಿ ಹಾಕುವುದು ತಪ್ಪಲ್ಲ. ಅದಕ್ಕಾಗಿ ಊರು ಬಿಟ್ಟು ದೂರದ ನಗರಕ್ಕೆ ಓಡಬೇಕಾಗಿಲ್ಲ. ಮೊದಲ ಸಲ ಕೈ ಅಂದಾಜಿನಲ್ಲಿ ಹಾಕಿ ಫಲ ಸಿಗದಿದ್ದರೆ ಮಾತ್ರ ಎರಡನೆಯದನ್ನೂ ಹಾಗೇ ಹಾಕಿಸಬೇಡಿ. ಆಗ ಸ್ಕ್ಯಾನ್ ಬೇಕೇ ಬೇಕು.

ಆ ಸ್ಕ್ಯಾನ್ ಮಷಿನ್ ಮೂಳೆ ಡಾಕ್ಟರ್ ಕ್ಲಿನಿಕ್‌ನಲ್ಲೇ ಯಾಕಿರಲ್ಲ? ಬೇರೆ ಸೆಂಟರ್‌ಗೆ ಯಾಕೆ ಕಳಿಸ್ತಾರೆ?

ನಮ್ಮ ದೇಶದಲ್ಲಿ ಇದಕ್ಕೊಂದು ಕಾರಣ ಇದೆ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯ ಪ್ರಕಾರ ಅಲ್ಟ್ರಾಸೌಂಡ್ ಮಷಿನ್ ಇಡುವ ಜಾಗ ನೋಂದಣಿಯಾಗಿರಬೇಕು. ಪಾದ ನೋಡಲು ಮಾತ್ರ ಬಳಸುತ್ತೇನೆ ಎಂದರೂ ನಿಯಮ ಅದೇ. ಒಯ್ಯುವಂಥ ಮಷಿನ್‌ಗಳ ಮೇಲೂ ನಿರ್ಬಂಧವಿದೆ. ಹೆಣ್ಣುಮಕ್ಕಳನ್ನು ಉಳಿಸಲು ಬಂದ ಕಾನೂನು ಇದು, ಅದು ಬಿಗಿಯಾಗಿಯೇ ಇರಬೇಕು. ಅದರಿಂದ ನಿಮಗೆ ಒಂದು ಓಡಾಟ ಹೆಚ್ಚಾಗುತ್ತದೆ. ಸ್ಕ್ಯಾನಿಂಗ್ ಸೆಂಟರ್‌ಗೆ ಹೋಗುವ ಮುಂಚೆ ಫೋನ್ ಮಾಡಿ ಎರಡು ವಿಷಯ ಕೇಳಿ: ಕೀಲು, ಸ್ನಾಯು, ನರದ ಸ್ಕ್ಯಾನ್ ಮಾಡುವವರು ಇದ್ದಾರಾ? ಇಂಜೆಕ್ಷನ್ ಅಲ್ಲೇ ಹಾಕುತ್ತಾರಾ? ಹೊಟ್ಟೆ ಸ್ಕ್ಯಾನ್ ಚೆನ್ನಾಗಿ ಮಾಡುವ ಎಲ್ಲರಿಗೂ ಪಾದದ ಸಣ್ಣ ನರ ನೋಡಿ ಅಭ್ಯಾಸ ಇರುವುದಿಲ್ಲ.

ಯಾರು ಹಾಕಿಸಿಕೊಳ್ಳಬಾರದು? ನಾನು ರಕ್ತ ತೆಳುವಾಗುವ ಮಾತ್ರೆ ತಗೋತೀನಿ.

ಪಾದದಲ್ಲಿ ಹುಣ್ಣು, ಕೀವು ಇದ್ದರೆ ಈಗ ಬೇಡ. ಮಳೆಗಾಲದಲ್ಲಿ ಬೆರಳ ಸಂದಿ ಕೊಳೆತಂತಾಗಿ ಕೆಸರುಹುಣ್ಣು ಆಗುತ್ತದಲ್ಲ, ಅದು ವಾಸಿಯಾದ ಮೇಲೆಯೇ ಸೂಜಿ. ಜ್ವರ ಇದ್ದರೂ ಮುಂದೂಡಿ. ಹಿಂದೆ ಈ ಔಷಧಗಳಿಗೆ ಅಲರ್ಜಿ ಆಗಿದ್ದರೆ ಹೇಳಲೇಬೇಕು. ಬಸುರಿಯಾಗಿದ್ದರೂ ಹೇಳಿ.

ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಇದು ಸಣ್ಣ ಸೂಜಿ, ಒತ್ತಿ ಹಿಡಿದರೆ ರಕ್ತ ನಿಲ್ಲುವ ಜಾಗ. ಹೆಚ್ಚಿನವರಿಗೆ ಮಾತ್ರೆ ನಿಲ್ಲಿಸದೆಯೇ ಹಾಕಬಹುದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ಬಿಟ್ಟರೆ ಆಗುವ ಅಪಾಯ ಪಾದದ ನೋವಿಗಿಂತ ತುಂಬಾ ದೊಡ್ಡದು. ವಾರ್ಫರಿನ್ ತಗೊಳ್ಳುವವರು ಇತ್ತೀಚಿನ ಐಎನ್‌ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ನೋಡುವ ಪರೀಕ್ಷೆ) ರಿಪೋರ್ಟ್ ತನ್ನಿ.

## ಸೂಜಿ ಹಾಕುವ ದಿನ

ಅಂಗಾಲಿಗೇ ಚುಚ್ಚುತ್ತಾರಾ? ತುಂಬಾ ನೋಯುತ್ತಾ?

ಸಾಮಾನ್ಯವಾಗಿ ಇಲ್ಲ. ಪಾದದ ಮೇಲ್ಭಾಗದಿಂದ, ಎರಡು ಮೂಳೆಗಳ ನಡುವೆ ಸೂಜಿ ಇಳಿಸುತ್ತೇವೆ. ಅಂಗಾಲಿನ ಚರ್ಮ ದಪ್ಪ, ಅಲ್ಲಿ ಚುಚ್ಚಿದರೆ ನೋವು ಜಾಸ್ತಿ. ಕೊಬ್ಬಿನ ಮೆತ್ತೆಗೂ ಔಷಧ ತಗಲಬಹುದು. ಸೂಜಿ ಸಣ್ಣದು. ಚರ್ಮ ದಾಟುವಾಗ ಚುರ್ ಅನಿಸುತ್ತದೆ. ಔಷಧ ಒಳಗೆ ಹೋಗುವಾಗ ಒತ್ತಿದ ಹಾಗಾಗಿ, ನಿಮ್ಮ ಹಳೆಯ ನೋವೇ ಒಂದು ಕ್ಷಣ ಬಂದು ಹೋಗಬಹುದು. ಆಗ ನಮಗೆ ಹೇಳಿ. ಸರಿಯಾದ ಜಾಗದಲ್ಲಿದ್ದೇವೆ ಎನ್ನಲು ಅದೂ ಒಂದು ಸುಳಿವು.

ಒಳಗೆ ಕರೆದ ಮೇಲೆ ಏನೇನು ಮಾಡ್ತಾರೆ?

ಮಲಗಿಸಿ, ಪಾದಕ್ಕೆ ಜೆಲ್ ಹಚ್ಚಿ ಮೊದಲು ಪೂರ್ತಿ ಸ್ಕ್ಯಾನ್ ಮಾಡುತ್ತೇವೆ. ನೋವಿನ ಜಾಗವನ್ನು ನಿಮ್ಮ ಬೆರಳಲ್ಲೇ ತೋರಿಸಬೇಕು. ಸ್ಕ್ಯಾನ್‌ನಲ್ಲಿ ನ್ಯೂರೋಮಾ ಕಪ್ಪಗೆ, ಮೊಟ್ಟೆಯಾಕಾರದಲ್ಲಿ ಕಾಣುತ್ತದೆ. ಅಗಲ ಅಳೆದು ಬರೆದುಕೊಳ್ಳುತ್ತೇವೆ. ಆಮೇಲೆ ಜೆಲ್ ಒರೆಸಿ, ಚರ್ಮವನ್ನು ಔಷಧದಿಂದ ಸ್ವಚ್ಛ ಮಾಡಿ, ಪ್ರೋಬಿಗೆ (ಪಾದದ ಮೇಲೆ ಆಡಿಸುವ ಸ್ಕ್ಯಾನ್ ಸಾಧನಕ್ಕೆ) ಕ್ರಿಮಿರಹಿತ ಕವರ್ ಹಾಕಿ, ತೆರೆಯ ಮೇಲೆ ಸೂಜಿ ನೋಡುತ್ತಾ ಒಳಗೆ ತರುತ್ತೇವೆ. ಸೂಜಿ ಒಳಗಿರುವುದು ಸ್ವಲ್ಪವೇ ಹೊತ್ತು. ಸ್ಕ್ಯಾನ್‌ಗೆ ಹಿಡಿಯುವ ಸಮಯವೇ ಹೆಚ್ಚು. ಬೇಕಿದ್ದರೆ ನೀವೂ ತೆರೆ ನೋಡಬಹುದು. ಕೆಲವರಿಗೆ ನೋಡಿದರೆ ಧೈರ್ಯ ಬರುತ್ತದೆ, ಕೆಲವರು ಆ ಕಡೆ ಮುಖ ತಿರುಗಿಸಿಕೊಳ್ಳುತ್ತಾರೆ. ಎರಡೂ ಸರಿ. ಈ ಸ್ಕ್ಯಾನ್‌ನಲ್ಲಿ ಎಕ್ಸ್‌ರೇಯಂಥ ವಿಕಿರಣ ಇಲ್ಲ.

ಉಪವಾಸ ಇರಬೇಕಾ? ಸ್ಕೂಟರ್‌ನಲ್ಲಿ ನಾನೇ ವಾಪಸ್ ಹೋಗಬಹುದಾ?

ಉಪವಾಸ ಬೇಡ, ತಿಂಡಿ ತಿಂದೇ ಬನ್ನಿ. ಖಾಲಿ ಹೊಟ್ಟೆಯಲ್ಲಿ ಸೂಜಿ ನೋಡಿ ತಲೆ ಸುತ್ತುವವರು ಜಾಸ್ತಿ. ಗಾಡಿ ಓಡಿಸಬೇಡಿ. ಬೆರಳುಗಳು ಕೆಲವು ಗಂಟೆ ಮರಗಟ್ಟಿರುತ್ತವೆ, ಬ್ರೇಕ್ ಮೇಲೆ ಕಾಲು ಸರಿಯಾಗಿ ಬಿದ್ದಿದೆಯಾ ಎನ್ನುವುದೇ ತಿಳಿಯುವುದಿಲ್ಲ. ಸಡಿಲವಾದ ಚಪ್ಪಲಿ ಹಾಕಿ, ಜೊತೆಗೆ ಒಬ್ಬರನ್ನು ಕರೆತನ್ನಿ.

## ಹಾಕಿಸಿಕೊಂಡ ಮೇಲೆ

ರಾತ್ರಿಗೆ ನೋವು ಇನ್ನೂ ಜಾಸ್ತಿ ಆಯ್ತು. ಏನಾದ್ರೂ ತಪ್ಪಾಯ್ತಾ?

ಹೆಚ್ಚಾಗಿ ಇಲ್ಲ. ಮರಗಟ್ಟಿಸಿದ್ದು ಇಳಿದಿರುತ್ತದೆ, ಸ್ಟಿರಾಯ್ಡ್ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ಕೆಲವರಿಗೆ ಸ್ಟಿರಾಯ್ಡ್‌ನಿಂದಲೇ ಒಂದೆರಡು ದಿನ ಕೆರಳುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್, ಪ್ಯಾರಾಸಿಟಮಾಲ್, ಕಾಲಿಗೆ ವಿಶ್ರಾಂತಿ ಸಾಕು. ಪಾದ ಮರಗಟ್ಟಿರುವಾಗ ಮಾತ್ರ ಐಸ್ ಬೇಡ, ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿ ಶಾಖ ಬೇಡ. ಎರಡು ಮೂರು ದಿನ ಕಳೆದ ಮೇಲೂ ನೋವು ಏರುತ್ತಲೇ ಇದ್ದು, ಕೆಂಪು ಹರಡುತ್ತಿದ್ದರೆ, ಜ್ವರ ಅಥವಾ ಕೀವು ಕಂಡರೆ ತಡ ಮಾಡಬೇಡಿ, ಅದೇ ದಿನ ತೋರಿಸಿ. ಸೋಂಕು ಅಪರೂಪ, ಆದರೆ ಕಾಯುವಂಥದ್ದಲ್ಲ.

ಇಂಜೆಕ್ಷನ್ ಆದ ಮೇಲೆ ಶುಗರ್ 300 ದಾಟಿತು. ಏನು ಮಾಡ್ಲಿ?

ಸ್ಟಿರಾಯ್ಡ್ ಶುಗರ್ ಏರಿಸುತ್ತದೆ. ಮೊದಲ ಕೆಲವು ದಿನ ಹೆಚ್ಚು, ಸಾಮಾನ್ಯವಾಗಿ ಒಂದು ವಾರದೊಳಗೆ ಹಳೆಯ ಮಟ್ಟಕ್ಕೆ ಬರುತ್ತದೆ. ಆ ದಿನಗಳಲ್ಲಿ ದಿನಕ್ಕೆ ಎರಡು ಮೂರು ಸಲ ಮನೆಯಲ್ಲೇ ನೋಡಿ ಬರೆದಿಡಿ. ಮಾತ್ರೆ, ಇನ್ಸುಲಿನ್ ಪ್ರಮಾಣವನ್ನು ನೀವಾಗಿ ಬದಲಿಸದೆ ಶುಗರ್ ಡಾಕ್ಟರ್‌ಗೆ ಫೋನ್ ಮಾಡಿ. ನೀವು ಹೇಳಿದಷ್ಟು ಏರಿದ್ದರೆ ಇವತ್ತೇ ಮಾಡಿ. ಬಾಯಾರಿಕೆ, ವಾಂತಿ, ಸುಸ್ತು ಇದ್ದರೆ ಆಸ್ಪತ್ರೆಗೆ ಹೋಗಿ. ಮುಂಚಿನಿಂದಲೇ ಶುಗರ್ ಹಿಡಿತದಲ್ಲಿ ಇಲ್ಲದಿದ್ದರೆ ಅದನ್ನು ಸರಿಮಾಡಿಕೊಂಡೇ ಇಂಜೆಕ್ಷನ್‌ಗೆ ಬರುವುದು ಒಳ್ಳೆಯದು.

ಚುಚ್ಚಿದ ಜಾಗದಲ್ಲಿ ಚರ್ಮ ಬೆಳ್ಳಗಾಗಿದೆ. ಇದು ತೊನ್ನಾ? ಮದುವೆಯಾಗದ ಹುಡುಗಿ, ಮನೆಯವರು ಅಳ್ತಿದ್ದಾರೆ.

ತೊನ್ನು ಅಲ್ಲ. ಹರಡುವುದೂ ಇಲ್ಲ. ಸ್ಟಿರಾಯ್ಡ್ ಸ್ವಲ್ಪ ಚರ್ಮದ ಹತ್ತಿರ ಉಳಿದರೆ ಅಲ್ಲಿ ಬಣ್ಣ ಕಡಿಮೆಯಾಗುತ್ತದೆ, ಚರ್ಮ ತೆಳ್ಳಗೆ ಕಾಣುತ್ತದೆ. ನಮ್ಮಂಥ ಕಂದು ಚರ್ಮದಲ್ಲಿ ಇದು ಎದ್ದು ಕಾಣುತ್ತದೆ. ಹೆಚ್ಚಿನವರಲ್ಲಿ ತಿಂಗಳುಗಳು ಕಳೆದ ಹಾಗೆ ಬಣ್ಣ ಮರಳುತ್ತದೆ, ಕೆಲವರಿಗೆ ವರ್ಷ ದಾಟಬಹುದು, ಅಪರೂಪಕ್ಕೆ ಗುರುತು ಉಳಿಯುತ್ತದೆ. ಬಣ್ಣ ಮಾಸುವ ಸಾಧ್ಯತೆಯನ್ನು ಸೂಜಿ ಹಾಕುವ ಮುಂಚೆಯೇ ಹೇಳಬೇಕು, ಸಹಿ ಮಾಡಿಸುವ ಕಾಗದದಲ್ಲಿ ಮಾತ್ರ ಬರೆದರೆ ಸಾಲದು. ನಮ್ಮ ಸಮಾಜದಲ್ಲಿ ಪಾದದ ಮೇಲಿನ ಒಂದು ಬಿಳಿ ಚುಕ್ಕೆ ಒಂದು ಮನೆಯನ್ನು ಎಷ್ಟು ಕಾಡುತ್ತದೆ ಎನ್ನುವುದು ಡಾಕ್ಟರ್‌ಗಳಿಗೆ ಗೊತ್ತಿರಬೇಕು. ಮನೆಯವರಿಗೆ ಅನುಮಾನ ಹೋಗದಿದ್ದರೆ ಚರ್ಮದ ಡಾಕ್ಟರ್‌ಗೆ ತೋರಿಸಿ, ಅವರೇ ಬಾಯಿಬಿಟ್ಟು ಹೇಳಲಿ.

ಎಷ್ಟು ದಿನಕ್ಕೆ ಕಡಿಮೆಯಾಗುತ್ತೆ? ಆಮೇಲೆ ವಾಪಸ್ ಬರಲ್ವಾ?

ಕೆಲವರಿಗೆ ಮೂರು ನಾಲ್ಕು ದಿನಕ್ಕೆ, ಕೆಲವರಿಗೆ ಎರಡು ವಾರ ಬೇಕು. ಎಷ್ಟು ಕಾಲ ಉಳಿಯುತ್ತದೆ ಎನ್ನುವುದರ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. 2013ರಲ್ಲಿ ಸ್ಕಾಟ್ಲೆಂಡ್‌ನಿಂದ ಬಂದ, 131 ಜನರ ಅಧ್ಯಯನದಲ್ಲಿ ಅರ್ಧ ಜನರಿಗೆ ಸ್ಟಿರಾಯ್ಡ್ ಮತ್ತು ಮರಗಟ್ಟಿಸುವ ಔಷಧ, ಉಳಿದವರಿಗೆ ಬರೀ ಮರಗಟ್ಟಿಸುವ ಔಷಧ ಕೊಟ್ಟರು. ಎಲ್ಲರಿಗೂ ಸ್ಕ್ಯಾನ್ ನೋಡಿಕೊಂಡೇ ಹಾಕಿದ್ದು. ಮೂರು ತಿಂಗಳಿಗೆ ಸ್ಟಿರಾಯ್ಡ್ ಗುಂಪಿನವರ ಪಾದ ಮೇಲಾಗಿತ್ತು. 2017ರ ಸ್ಪೇನಿನ ಇಂಥದ್ದೇ ಇನ್ನೊಂದು ಅಧ್ಯಯನದಲ್ಲಿ ಆರು ತಿಂಗಳಿಗೆ ಎರಡು ಗುಂಪಿನ ನಡುವೆ ಅಂತರವೇ ಕಾಣಲಿಲ್ಲ.

ಹಾಗಾಗಿ ಕೆಲವು ತಿಂಗಳ ಆರಾಮವನ್ನು ನಿರೀಕ್ಷಿಸಿ. ಅದಕ್ಕಿಂತ ಹೆಚ್ಚು ಸಿಕ್ಕರೆ ಒಳ್ಳೆಯದು, ಹಲವರಿಗೆ ಸಿಗುತ್ತದೆ. ಆ ತಿಂಗಳುಗಳಲ್ಲಿ ನೀವೇನು ಮಾಡುತ್ತೀರಿ ಎನ್ನುವುದರ ಮೇಲೆ ಮುಂದಿನದು ನಿಂತಿದೆ. ನೋವು ಹೋಯಿತೆಂದು ಅದೇ ಇಕ್ಕಟ್ಟಾದ ಶೂ ಹಾಕಿದರೆ ನರ ಮತ್ತೆ ಒತ್ತಿಸಿಕೊಳ್ಳುತ್ತದೆ.

ಎಷ್ಟು ಸಲ ಹಾಕಿಸಬಹುದು?

ಮೊದಲನೆಯದು ಚೆನ್ನಾಗಿ ಕೆಲಸ ಮಾಡಿ, ಕೆಲವು ತಿಂಗಳ ನಂತರ ನೋವು ಮರಳಿದರೆ ಎರಡನೆಯದು ಸರಿ. ಅದೇ ಜಾಗಕ್ಕೆ ವರ್ಷಕ್ಕೆ ಮೂರಕ್ಕಿಂತ ಹೆಚ್ಚು ಬೇಡ ಎನ್ನುವುದು ಸಾಮಾನ್ಯ ಪದ್ಧತಿ. ನಾನು ಎರಡಕ್ಕೇ ನಿಲ್ಲಿಸಿ ಮತ್ತೆ ಯೋಚಿಸಲು ಹೇಳುತ್ತೇನೆ. ಮೊದಲನೆಯದರಿಂದ ಏನೂ ಆಗದಿದ್ದರೆ ಅದೇ ಔಷಧ ಮತ್ತೆ ಹಾಕುವುದಕ್ಕಿಂತ ಕಾಯಿಲೆ ಇದೇನಾ ಎಂದು ಮತ್ತೆ ನೋಡುವುದು ಮೇಲು.

## ಇನ್ನೂ ಆಳದ ಪ್ರಶ್ನೆಗಳು

ಎರಡು ಗಂಟೆ ನೋವೇ ಇರಲಿಲ್ಲ, ಮರುದಿನ ಮಾಮೂಲಿ. ದುಡ್ಡು ದಂಡ ಆಯ್ತಾ?

ದಂಡ ಅಲ್ಲ. ಆ ಎರಡು ಗಂಟೆಯಲ್ಲಿ ತುಂಬಾ ಉಪಯುಕ್ತ ಮಾಹಿತಿ ಇದೆ. ಮರಗಟ್ಟಿಸುವ ಔಷಧ ಆ ನರವನ್ನು ತಡೆದಾಗ ನೋವು ಪೂರ್ತಿ ಹೋಯಿತು ಎಂದರೆ ನೋವು ಅಲ್ಲಿಂದಲೇ ಬರುತ್ತಿರುವ ಸಾಧ್ಯತೆ ಹೆಚ್ಚು. ಸಣ್ಣ ಪ್ರಮಾಣದಲ್ಲಿ, ನೋಡಿಕೊಂಡು ಹಾಕಿದಾಗ ಮಾತ್ರ ಇದನ್ನು ನಂಬಬಹುದು, ಜಾಸ್ತಿ ಔಷಧ ಸುತ್ತಲೂ ಹರಡಿದರೆ ಕೀಲಿನ ನೋವೂ ಅಡಗುತ್ತದೆ. ಇಂಜೆಕ್ಷನ್ ಆದ ಅರ್ಧ ಗಂಟೆಗೆ ನಿಮ್ಮ ಶೂ ಹಾಕಿ ಸ್ವಲ್ಪ ನಡೆದು ನೋಡಿ, ನೋವು ಎಷ್ಟು ಇಳಿಯಿತು ಎಂದು ಬರೆದಿಡಿ. ಮುಂದೆ ಆಪರೇಷನ್ ಬೇಕಾ ಬೇಡವಾ ಎಂದು ಯೋಚಿಸುವಾಗ ಸರ್ಜನ್‌ಗೆ ಇದು ಬೇಕಾಗುತ್ತದೆ.

ನನ್ನದು 8 ಮಿಲಿಮೀಟರ್ ಇದೆಯಂತೆ. ಅಷ್ಟು ದೊಡ್ಡದಕ್ಕೆ ಇಂಜೆಕ್ಷನ್ ನಾಟುತ್ತಾ?

5 ಮಿಲಿಮೀಟರ್ ದಾಟಿದರೆ ಅದು ನೋವು ಕೊಡುವಷ್ಟು ದೊಡ್ಡದು ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ದೊಡ್ಡ ನ್ಯೂರೋಮಾಗಳಿಗೆ ಸ್ಟಿರಾಯ್ಡ್ ಫಲ ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳಿವೆ. ಮೇಲೆ ಹೇಳಿದ ಸ್ಕಾಟ್ಲೆಂಡ್ ಅಧ್ಯಯನದಲ್ಲಿ ಅಳತೆಯಿಂದ ಫಲ ಬದಲಾಗಲಿಲ್ಲ. ಬರೀ ಸಂಖ್ಯೆ ನೋಡಿ ಆಪರೇಷನ್‌ಗೆ ಒಪ್ಪಬೇಡಿ.

ಆಲ್ಕೋಹಾಲ್ ಇಂಜೆಕ್ಷನ್ ಹಾಕಿದರೆ ಶಾಶ್ವತವಾಗಿ ಹೋಗುತ್ತೆ ಅಂತ ಕೇಳಿದೆ. ನಿಜನಾ?

ಇದರಲ್ಲಿ ಮರಗಟ್ಟಿಸುವ ಔಷಧಕ್ಕೆ ಆಲ್ಕೋಹಾಲ್ ಬೆರೆಸಿ, ವಾರ ಅಥವಾ ಎರಡು ವಾರಕ್ಕೊಮ್ಮೆ ಹಲವು ಸಲ ಹಾಕುತ್ತಾರೆ. ನರ ನೋವನ್ನು ಸಾಗಿಸದಂತೆ ಮಾಡುವುದು ಉದ್ದೇಶ. 2007ರಲ್ಲಿ ಬ್ರಿಟನ್ನಿನಿಂದ ಬಂದ ವರದಿ ತುಂಬಾ ಆಸೆ ಹುಟ್ಟಿಸಿತ್ತು. ಸ್ಕ್ಯಾನ್ ನೋಡಿಕೊಂಡು 101 ಜನರಿಗೆ, ಸರಾಸರಿ ನಾಲ್ಕು ಸಲ ಹಾಕಿದ್ದರು. ಶೇಕಡಾ 94 ಮಂದಿಗೆ ಸ್ವಲ್ಪವೋ ಪೂರ್ತಿಯೋ ನೋವು ಇಳಿದಿತ್ತು. ಆಮೇಲೆ ಈ ಚಿಕಿತ್ಸೆ ಪಡೆದ 45 ಜನರನ್ನು ಐದು ವರ್ಷದ ನಂತರ ಮತ್ತೆ ನೋಡಿದರು. 2013ರ ಆ ವರದಿಯ ಪ್ರಕಾರ ನೋವಿಲ್ಲದೆ ಉಳಿದವರು ಶೇಕಡಾ 29 ಮಾತ್ರ. ಹಲವರು ಅಷ್ಟರಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರು.

ಶಾಶ್ವತ ಎಂದು ಯಾರಾದರೂ ಹೇಳಿದರೆ ಈ ಎರಡನೇ ಸಂಖ್ಯೆಯನ್ನು ಅವರ ಮುಂದಿಡಿ. ಹಾಕುವಾಗ ನೋವೂ ಹೆಚ್ಚು. ಇದನ್ನಂತೂ ಸ್ಕ್ಯಾನ್ ಇಲ್ಲದೆ ಹಾಕಿಸಬೇಡಿ. ಆಲ್ಕೋಹಾಲ್ ಪಕ್ಕಕ್ಕೆ ಹರಿದರೆ ಸುತ್ತಲಿನ ಅಂಗಾಂಶಕ್ಕೂ ಪೆಟ್ಟು.

ರೇಡಿಯೋಫ್ರೀಕ್ವೆನ್ಸಿ, ಕ್ರಯೋ, ಪಿಆರ್‌ಪಿ ಅಂತೆಲ್ಲ ಹೇಳ್ತಾರೆ. ಯಾವುದು ಒಳ್ಳೇದು?

ಮೊದಲನೆಯದು ಬಿಸಿಯಿಂದ, ಎರಡನೆಯದು ತಣ್ಣಗೆ ಹೆಪ್ಪುಗಟ್ಟಿಸಿ ನರದ ನೋವಿನ ಸಂದೇಶವನ್ನು ತಡೆಯುತ್ತದೆ. ಎರಡನ್ನೂ ಸ್ಕ್ಯಾನ್ ನೋಡಿಕೊಂಡೇ ಮಾಡುತ್ತಾರೆ. ಸಣ್ಣ ಗುಂಪುಗಳಲ್ಲಿ ಫಲಿತಾಂಶ ಚೆನ್ನಾಗಿ ಕಂಡಿದೆ. ಸ್ಟಿರಾಯ್ಡ್ ಕೈಕೊಟ್ಟು, ಆಪರೇಷನ್ ಬೇಡ ಎನ್ನುವವರು ಅನುಭವಿಗಳ ಹತ್ತಿರ ಕೇಳಬಹುದು. ಪಿಆರ್‌ಪಿ ಎಂದರೆ ನಿಮ್ಮದೇ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ದ್ರವದ ಇಂಜೆಕ್ಷನ್, ಅದಕ್ಕೆ ಈ ಕಾಯಿಲೆಯಲ್ಲಿ ಗಟ್ಟಿ ಆಧಾರ ಇಲ್ಲ. ಅದಕ್ಕೆ ದುಬಾರಿ ಪ್ಯಾಕೇಜ್ ಕಟ್ಟಬೇಡಿ.

ಕೊನೆಗೆ ಆಪರೇಷನ್ನೇ ಗತಿ ಅಂದರು. ಯಾವಾಗ ಒಪ್ಪಬೇಕು?

ಚಪ್ಪಲಿ, ಪ್ಯಾಡ್ ಸರಿಯಾಗಿ ಬಳಸಿ, ಒಂದೆರಡು ಇಂಜೆಕ್ಷನ್ ಆಗಿ, ಆದರೂ ನಿತ್ಯದ ಓಡಾಟವೇ ಕಷ್ಟ ಎಂದಾಗ. ಕೆಲವು ಸರ್ಜನ್‌ಗಳು ಮೂಳೆ ತಲೆಗಳನ್ನು ಕಟ್ಟಿ ಹಿಡಿಯುವ ಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡುತ್ತಾರೆ, ಹೆಚ್ಚಿನವರು ದಪ್ಪಗಾದ ನರವನ್ನೇ ತೆಗೆಯುತ್ತಾರೆ. ನರ ತೆಗೆದರೆ ಆ ಎರಡು ಬೆರಳ ನಡುವೆ ಸ್ಪರ್ಶ ಶಾಶ್ವತವಾಗಿ ಹೋಗುತ್ತದೆ. ಬಹಳಷ್ಟು ಜನರಿಗೆ ಅದು ತೊಂದರೆ ಅನಿಸುವುದಿಲ್ಲ, ನೋವು ಹೋದದ್ದೇ ದೊಡ್ಡದಾಗಿರುತ್ತದೆ. ಶುಗರ್‌ನಿಂದ ಆಗಲೇ ಪಾದದ ಸ್ಪರ್ಶ ಕಡಿಮೆಯಾದವರು ಮಾತ್ರ ಎರಡು ಸಲ ಯೋಚಿಸಬೇಕು.

ಆಪರೇಷನ್ ಆಗಿ ಒಂದು ವರ್ಷ. ಅದೇ ನೋವು ವಾಪಸ್ ಬಂದಿದೆ. ಈಗ ಇಂಜೆಕ್ಷನ್ ಸಾಧ್ಯನಾ?

ಸಾಧ್ಯ. ಕತ್ತರಿಸಿದ ನರದ ತುದಿ ಮತ್ತೆ ಗಂಟಾಗಿ ಬೆಳೆದು ನೋವು ಕೊಡಬಹುದು. ಅದು ಹಳೆಯ ಜಾಗಕ್ಕಿಂತ ಸ್ವಲ್ಪ ಹಿಂದೆ ಇರುತ್ತದೆ. ಗಾಯದ ಕಲೆಯಿಂದಾಗಿ ಕೈಗೆ ಸಿಗುವುದಿಲ್ಲ, ಹಾಗಾಗಿ ಇಲ್ಲಿ ಸ್ಕ್ಯಾನ್ ಇಲ್ಲದೆ ಸೂಜಿ ಹಾಕುವುದರಲ್ಲಿ ಅರ್ಥವಿಲ್ಲ. ನೋವು ಪಕ್ಕದ ಸಂದಿಯದಾಗಿರಬಹುದು, ಮೊದಲಿನಿಂದಲೂ ಕೀಲಿನದೇ ಆಗಿದ್ದಿರಲೂಬಹುದು. ಅದಕ್ಕೇ ಮೊದಲು ಬರೀ ಮರಗಟ್ಟಿಸುವ ಔಷಧವನ್ನು ಒಂದು ಜಾಗಕ್ಕೆ ಹಾಕಿ, ನೋವು ಹೋಗುತ್ತದಾ ನೋಡುತ್ತೇವೆ. ಹೋದರೆ ಅಲ್ಲಿಗೇ ಸ್ಟಿರಾಯ್ಡ್ ಅಥವಾ ಬೇರೆ ಚಿಕಿತ್ಸೆ. ಬರುವಾಗ ಆಪರೇಷನ್‌ನ ಡಿಸ್ಚಾರ್ಜ್ ಕಾಗದ, ತೆಗೆದ ನರದ ಲ್ಯಾಬ್ ರಿಪೋರ್ಟ್ ಮತ್ತು ಆಪರೇಷನ್‌ಗೆ ಮುಂಚಿನ ಸ್ಕ್ಯಾನ್ ಮೂರನ್ನೂ ತನ್ನಿ. ಯಾವ ಸಂದಿಯಲ್ಲಿ ಏನು ತೆಗೆದರು ಎನ್ನುವುದು ಅದರಿಂದಲೇ ತಿಳಿಯಬೇಕು.